ಅಳಿಸದೆ ಬಿಟ್ಟ ಪುಟ

ಭಾನುವಾರದ ಪೋಷಕರ ಸಭೆಯಲ್ಲಿ ಗಣಿತದ ಮಿಸ್ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎಡಗಡೆ ಸಣ್ಣಿಯ ಹೋಮ್‌ವರ್ಕ್ ಪುಸ್ತಕ, ಬಲಗಡೆ ಅವಳ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ. ಪುಸ್ತಕದ ಪುಟಪುಟದಲ್ಲೂ ಸರಿ ಗುರುತು, ಅಲ್ಲಲ್ಲಿ ‘ಅಚ್ಚುಕಟ್ಟು’ ಎಂಬ ಷರಾ ಬೇರೆ. ಪತ್ರಿಕೆಯ ಮೇಲೆ ನೂರಕ್ಕೆ ಹದಿನಾಲ್ಕು.

“ಎರಡೂ ಒಂದೇ ಹುಡುಗಿ ಬರ್ದಿದ್ದು ಅಂದ್ರೆ ನಂಬೋದು ಹೇಗೆ? ನೀವೇ ನೋಡಿ,” ಎಂದರು.

ಸಣ್ಣಿಯ ತಾಯಿ ನೋಡಿದಳು. ನೋಡುವುದೇ ಅವಳ ಕಸುಬು. ಹನ್ನೊಂದು ವರ್ಷದಿಂದ ಗಾರ್ಮೆಂಟ್ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು. ಹೊಲಿದು ಬಂದ ಅಂಗಿಯನ್ನು ಒಳಗೂ ಹೊರಗೂ ತಿರುವಿ, ಹೊಲಿಗೆ ತಪ್ಪಿದ ಕಡೆ ಬಾಣದ ಗುರುತಿನ ಕೆಂಪು ಸ್ಟಿಕರ್ ಅಂಟಿಸಿ ವಾಪಸ್ಸು ಕಳಿಸುವುದು, ಮುಂದಿನದನ್ನು ಎಳೆದುಕೊಳ್ಳುವುದು. ಅಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಅವಳ ಕಣ್ಣು ತಪ್ಪಿಸಿ ಒಂದು ಗುಂಡಿ ಸಡಿಲವಾಗಿ ಹೊರಗೆ ಹೋದದ್ದಿಲ್ಲ ಎಂದು ಸೂಪರ್‌ವೈಸರ್ ಹೊಸಬರಿಗೆ ಹೇಳುತ್ತಿದ್ದ.

“ಮನೇಲಿ ಯಾರಾದ್ರೂ ಬರ್ಕೊಡ್ತೀರಾ?”

“ಇಲ್ಲ ಮಿಸ್.”

“ಉತ್ತರ ಹೇಳ್ಕೊಡ್ತೀರಾ?”

“ನಾನು ಮನೆಗೆ ಬರೋದೇ ಆರೂವರೆಗೆ. ಅವಳೇ ಬರ್ಕೋತಾಳೆ.”

ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಬರೆಯುವ ಕೈ ಸಣ್ಣಿಯದೇ. ಆದರೆ ದಿನಾ ಸಂಜೆ ಟೀ ಕುಡಿದ ಲೋಟ ಕೆಳಗಿಟ್ಟ ಕೂಡಲೇ ತಾಯಿ ಪುಸ್ತಕ ಎಳೆದುಕೊಂಡು, ಗೈಡಿನ ಹಿಂದಿನ ಪುಟದ ಉತ್ತರಗಳ ಜೊತೆ ತಾಳೆ ನೋಡುತ್ತಿದ್ದಳು. ತಪ್ಪಿದ್ದರೆ ಉಜ್ಜಿ ಅಳಿಸಿ, “ಇಲ್ಲಿ ಹದಿನಾರು ಬರಿ, ಇಲ್ಲಿ ಆರನೇ ಐದು ಬರಿ,” ಎನ್ನುತ್ತಿದ್ದಳು. ಸಣ್ಣಿ ಬರೆಯುತ್ತಿದ್ದಳು. ಯಾಕೆ ಹದಿನಾರು ಎಂದು ಮಗಳು ಕೇಳುತ್ತಿರಲಿಲ್ಲ, ತಾಯಿಗೂ ಗೊತ್ತಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಒಮ್ಮೆ ಪುಸ್ತಕ ತುಂಬ ಕೆಂಪು ಶಾಯಿ ಹೊತ್ತು ಬಂದಿತ್ತು. ಅದನ್ನು ನೋಡಿದಾಗ ಯಾರೋ ತನ್ನ ಮಗುವಿನ ಮೈಮೇಲೆ ಸ್ಟಿಕರ್ ಅಂಟಿಸಿ ವಾಪಸ್ಸು ಕಳಿಸಿದ ಹಾಗಾಗಿತ್ತು ಅವಳಿಗೆ. ಅವತ್ತಿನಿಂದ ಒಂದು ಪುಟವೂ ಹಾಗೆ ಹೋಗಲು ಬಿಟ್ಟಿರಲಿಲ್ಲ. ಮಗಳು ತನ್ನ ಹಾಗೆ ಆ ಟೇಬಲ್ಲಿನ ಮುಂದೆ ನಿಲ್ಲಬಾರದು, ಅಷ್ಟೇ ಅವಳ ಆಸೆ.

ಗೋಡೆಗೆ ಒತ್ತಿ ನಿಂತಿದ್ದ ಸಣ್ಣಿ ತಲೆಯೆತ್ತಿ ಒಮ್ಮೆ ತಾಯಿಯನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು.

“ಹಾಗಾದ್ರೆ ಕಾಪಿನೇ. ಬೆಳಿಗ್ಗೆ ಬಂದು ಪಕ್ಕದವರದ್ದು ನೋಡಿ ಬರೀತಾಳೆ. ಶಾಲೆ ಬಿಟ್ಟ ಮೇಲೆ ಹನ್ನೆರಡು ಮಕ್ಕಳಿಗೆ ಪಾಠ ಮಾಡ್ತೀನಿ, ಹಿಂದೆ ಬಿದ್ದೋರಿಗೆ. ಇವಳ ಹೆಸರೂ ಬರ್ದಿದ್ದೆ. ತೆಗೀತಿದೀನಿ. ಕಷ್ಟಪಡೋ ಮಕ್ಕಳು ಎಷ್ಟೋ ಜನ ಕಾಯ್ತಿದಾರೆ,” ಎಂದು ಮಿಸ್ ಪುಸ್ತಕ ಮುಚ್ಚಿದರು. “ಆರರವರೆಗೆ ಎಲ್ಲರನ್ನೂ ಮುಂದಕ್ಕೆ ಹಾಕ್ತೀವಿ, ಏಳರಲ್ಲಿ ಹಾಗಿಲ್ಲ. ವಾರ್ಷಿಕ ಪರೀಕ್ಷೇಲಿ ನಲವತ್ತು ಬರ್ಲಿಲ್ಲ ಅಂದ್ರೆ ಇನ್ನೊಂದ್ ವರ್ಷ ಏಳನೇ ಕ್ಲಾಸೇ. ಈಗ್ಲೇ ಹೇಳಿರ್ತೀನಿ.”

“ಸರಿ ಮಿಸ್,” ಎಂದಳು ತಾಯಿ.

ಹೊರಗೆ ಬಂದ ಮೇಲೆ ತನಗೆ ಏನಾದರೂ ಅನ್ನಿಸುತ್ತದೆಯೇ ಎಂದು ಕಾದಳು. ಸಿಟ್ಟಿಲ್ಲ, ನಾಚಿಕೆಯಿಲ್ಲ. ಸಾವಿರ ಅಂಗಿ ತಿರುವಿದ ದಿನದ ಕೊನೆಗೆ ಬೆರಳು ಹೇಗೆ ಜೋಮು ಹಿಡಿದಿರುತ್ತದೋ ಹಾಗಿತ್ತು ಒಳಗೆ. ಬಸ್ಸು ಬಂತು, ಹತ್ತಿದರು. ಸಣ್ಣಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು.

*

ಊಟಕ್ಕೆ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ. ಲಿಫ್ಟ್ ರಿಪೇರಿ ಮಾಡುವ ಗಂಡ ಕೈಯ ಗ್ರೀಸನ್ನು ಮೂರು ಸಲ ತೊಳೆದು ಬಂದು ಕೂತಿದ್ದ. ಅವನ ಅಪ್ಪ, ಅಂದರೆ ಸಣ್ಣಿಯ ತಾತ, ನಲವತ್ತು ವರ್ಷ ಊರಿನವರ ಮನೆಗೆಲ್ಲ ನೆಲಕ್ಕೆ ಟೈಲ್ಸ್ ಹಾಕಿ, ಈಗ ಮಂಡಿ ಮಡಚಲಾಗದೆ ಮನೆಯಲ್ಲಿ ಅವರೊಬ್ಬರೇ ಕುರ್ಚಿಯಲ್ಲಿ ಕೂತು ಉಣ್ಣುವವರು.

“ಎಷ್ಟಂತೆ?” ಎಂದ ಗಂಡ.

“ಹದಿನಾಲ್ಕು.”

“ಇಪ್ಪತ್ತೈದಕ್ಕಾ?”

“ನೂರಕ್ಕೆ.”

ಅವನು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. “ದಿನಾ ಸಂಜೆ ಪುಸ್ತಕ ಹಿಡ್ಕೊಂಡು ಕೂರ್ತೀರಲ್ಲ ತಾಯಿ ಮಗಳು, ಅಷ್ಟು ಹೊತ್ತು ಏನ್ ಮಾಡ್ತಿದ್ರಿ? ಪುಟ ಎಣಿಸ್ತಿದ್ರಾ?”

“ನನಗೂ ಮೂರನೇ ಕ್ಲಾಸಲ್ಲಿ ಸೊನ್ನೆ ಬಂದಿತ್ತು ಕಣೋ. ಮೇಷ್ಟ್ರು ಎಷ್ಟು ದುಂಡಗೆ ಹಾಕಿದ್ರು ಅಂದ್ರೆ, ಅಳಿಸೋಕೆ ಮನಸ್ಸೇ ಬರ್ಲಿಲ್ಲ,” ಎಂದರು ತಾತ.

“ಅಪ್ಪ, ನಿಮ್ಮ ಸೊನ್ನೆ ಕಥೆ ಈಗ ಬೇಡ.”

“ಸರಿ, ಬೇಡ. ಪಲ್ಯ ಹಾಕಮ್ಮ.”

“ಏನೇ, ಕ್ಲಾಸಲ್ಲಿ ನಿದ್ದೆ ಹೊಡೀತೀಯಾ?” ಗಂಡ ಮಗಳ ಕಡೆ ತಿರುಗಿದ. ಸಣ್ಣಿ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು. “ಕೇಳಿದ್ದಕ್ಕೆ ಉತ್ತರ ಕೊಡು.”

“ಉಣ್ಣೋ ಹೊತ್ತಲ್ಲಿ ಬಿಡ್ರೀ,” ಎಂದಳು ತಾಯಿ.

“ಇನ್ಯಾವ ಹೊತ್ತಲ್ಲಿ ಕೇಳ್ಲಿ? ನಾನು ಮನೇಲಿರೋದೇ ಉಣ್ಣೋ ಹೊತ್ತಲ್ಲಿ.”

ಅದೂ ನಿಜವೇ. ಯಾವ ಕಟ್ಟಡದಲ್ಲಿ ಯಾರು ಲಿಫ್ಟಿನೊಳಗೆ ಸಿಕ್ಕಿಕೊಂಡರೂ ಅವನ ಫೋನು ಹೊಡೆದುಕೊಳ್ಳುತ್ತಿತ್ತು. ಅವತ್ತೂ ಹೊಡೆದುಕೊಂಡಿತು. ಅರ್ಧ ಊಟದಲ್ಲೇ ಎದ್ದು ಹೋದ. ತಟ್ಟೆಯಲ್ಲಿ ಉಳಿದ ಅನ್ನವನ್ನು ತಾಯಿ ಬೇರೆ ಬಟ್ಟಲಿಗೆ ತೆಗೆದಿಟ್ಟಳು. ಮಿಸ್ ಮುಂದೆ ತಾನು ಹೇಳಿದ್ದನ್ನು ಅವಳು ಎತ್ತಲಿಲ್ಲ. ಸಣ್ಣಿಯೂ ಎತ್ತಲಿಲ್ಲ.

ಆಮೇಲೆ ಎಲ್ಲ ಬದಲಾಯಿತು ಎಂದರೆ ಕಥೆಗೆ ಚೆನ್ನ. ಆದರೆ ಮರುದಿನ ಸಂಜೆ ಟೀ ಆಯಿತು, ಸಣ್ಣಿ ಪುಸ್ತಕ ತಂದಿಟ್ಟಳು, ತಾಯಿ ಗೈಡು ತೆರೆದಳು. ತಪ್ಪು ಕಂಡಿತು, ಉಜ್ಜಿದಳು. ಕೈ ತಾನೇ ತಾನಾಗಿ ಹೋಗುತ್ತಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೀಗೇ ಒಂದು ವಾರ, ಎರಡು ವಾರ.

ಮೂರನೆಯ ವಾರದ ಒಂದು ಸಂಜೆ ಸಣ್ಣಿ ಹೇಳಿದಳು: “ಅಷ್ಟು ಜೋರಾಗಿ ಉಜ್ಜಬೇಡಮ್ಮ. ಗುರುತು ಉಳಿಯತ್ತೆ. ಮಿಸ್ ಈಗ ನನ್ನ ಪುಸ್ತಕ ಬೆಳಕಿಗೆ ಹಿಡಿದು ನೋಡ್ತಾರೆ.”

ತಾಯಿಯ ಕೈ ನಿಂತಿತು. “ನೋಡಿ ಏನಂತಾರೆ?”

“ಯಾರ್ದು ನೋಡಿ ಬದಲಾಯಿಸ್ದೆ ಅಂತಾರೆ.”

“ನೀನೇನಂತೀಯ?”

“ಪಕ್ಕದವಳ್ದು ಅಂತೀನಿ.” ಸಣ್ಣಿ ಪೆನ್ಸಿಲಿನ ತುದಿ ನೋಡುತ್ತಿದ್ದಳು. “ಅವಳು ಮೊದ್ಲು ಜಗಳಕ್ಕೆ ಬಂದ್ಳು. ಈಗ ಮಾತಾಡಲ್ಲ. ಮಿಸ್ ನನ್ನನ್ನ ಅವರ ಮೇಜಿನ ಹತ್ರ ಒಬ್ಬಳನ್ನೇ ಕೂರ್ಸಿದಾರೆ. ಇಲ್ಲಿ ಏನ್ ಬರೀಲಿ?”

“ಎಲ್ಲಿ?”

“ಇಲ್ಲಿ, ನೀನು ಅಳಿಸಿದ ಕಡೆ.”

ತಾಯಿ ಹೇಳಿದಳು. ಸಣ್ಣಿ ಬರೆದುಕೊಂಡು ಎದ್ದು ಹೋದಳು. ತಾಯಿ ಅಡುಗೆಮನೆಗೆ ಹೋಗಿ ಸಿಂಕಿನಲ್ಲಿದ್ದ ಪಾತ್ರೆ ತೊಳೆದು ಬೋರಲು ಹಾಕಿದಳು. ಸ್ವಲ್ಪ ಹೊತ್ತಿಗೆ ಅವನ್ನೇ ಮತ್ತೆ ಇಳಿಸಿ ತೊಳೆಯತೊಡಗಿದಳು. ನೀರು ಕುಡಿಯಲು ಬಂದ ತಾತ ಬಾಗಿಲಲ್ಲಿ ನಿಂತು ನೋಡಿದರು.

“ಅವು ಆಗ್ಲೇ ತೊಳೆದಾಗಿದ್ವಲ್ಲಮ್ಮ?”

“ಹೌದಾ ಮಾವ?” ಎಂದಳು. ಕೈ ಮಾತ್ರ ನಿಲ್ಲಿಸಲಿಲ್ಲ.

*

ಫ್ಯಾಕ್ಟರಿಯಲ್ಲಿ ಒಂದು ಪದ್ಧತಿಯಿದೆ. ಒಂದು ಅಂಗಿಯಲ್ಲಿ ತಪ್ಪು ಸಿಕ್ಕರೆ ಸ್ಟಿಕರ್ ಅಂಟಿಸಿ ವಾಪಸ್ಸು ಹಾಕು. ಅದೇ ತಪ್ಪು ಅದೇ ಜಾಗದಲ್ಲಿ ಮೂರು ಅಂಗಿಯಲ್ಲಿ ಸಿಕ್ಕರೆ ಅಂಗಿ ಬಿಡು, ಮೆಷಿನ್ ಹತ್ತಿರ ಹೋಗು. ಚೆಕಿಂಗಿಗೆ ಸೇರಿದ ಮೊದಲ ದಿನವೇ ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಭೂತಗನ್ನಡಿ ಅದನ್ನು ಎಷ್ಟೋ ಜನಕ್ಕೆ ತಾನೇ ಹೇಳಿಕೊಟ್ಟಿದ್ದಳು.

ಆ ಗುರುವಾರ ಕಾಲರಿನ ಎಡ ತುದಿಯಲ್ಲಿ ಹೊಲಿಗೆ ಹಾರಿದ ಅಂಗಿಯೊಂದು ಬಂತು. ಆಮೇಲೆ ಇನ್ನೊಂದು. ಮೂರನೆಯದು ಬಂದಾಗ ಅವಳು ಅದನ್ನು ಹಿಡಿದುಕೊಂಡು ನಾಲ್ಕನೇ ಲೈನಿಗೆ ನಡೆದಳು. ಮೆಷಿನ್ನಿನ ಮುಂದೆ ಕೂತಿದ್ದ ಹೊಸ ಹುಡುಗಿಗೆ ಇವಳನ್ನು ಕಂಡೇ ಕಣ್ಣಲ್ಲಿ ನೀರು ಬಂತು.

“ಅಕ್ಕ, ನಾನು ಸರಿಯಾಗೇ ಹೊಲೀತಿದೀನಿ.”

“ನಿನ್ನದಲ್ಲ ತಪ್ಪು. ಸುಮ್ನಿರು. ಮೆಕ್ಯಾನಿಕ್ ಬರ್ಲಿ.”

ಮೆಕ್ಯಾನಿಕ್ ಬಂದು ದಾರದ ಬಿಗಿ ನೋಡಿ ಒಂದು ಸ್ಕ್ರೂ ಅರ್ಧ ಸುತ್ತು ತಿರುಗಿಸಿದ. ಎರಡು ನಿಮಿಷದ ಕೆಲಸ. ಮುಂದಿನ ಕಾಲರ್ ಸರಿಯಾಗಿ ಬಂತು. ಹುಡುಗಿ ಮೂಗು ಒರೆಸಿಕೊಂಡು ನಕ್ಕಳು.

“ಭೂತಗನ್ನಡಿ ಕಣ್ಣಿಗೆ ಬಿತ್ತು, ಬದುಕ್ಕೊಂಡ್ವಿ. ಇಲ್ದಿದ್ರೆ ಸಂಜೆವರೆಗೂ ಬಿಚ್ಚಿ ಹೊಲಿಯೋದೇ ಆಗ್ತಿತ್ತು,” ಎಂದ ಸೂಪರ್‌ವೈಸರ್.

ಅವಳು ಟೇಬಲ್ಲಿಗೆ ಮರಳಿ ಮುಂದಿನ ಅಂಗಿ ಎಳೆದುಕೊಂಡಳು. ತಿರುವಲಿಲ್ಲ. ಪಕ್ಕದವಳು ಸ್ಟೂಲು ತಳ್ಳಿ, “ತಲೆ ಸುತ್ತುತ್ತಾ? ಕೂತ್ಕೋ,” ಎಂದಳು. ಕೂತಳು. ಭಿನ್ನರಾಶಿ ಕೂಡಿಸುವ ಲೆಕ್ಕ ಬಂದಾಗಲೆಲ್ಲ ಸಣ್ಣಿ ಮೇಲಿನ ಎರಡನ್ನು ಮೇಲೆ, ಕೆಳಗಿನ ಎರಡನ್ನು ಕೆಳಗೆ ಕೂಡಿಸಿ ಬರೆಯುತ್ತಿದ್ದಳು. ಅರ್ಧಕ್ಕೆ ಮೂರನೇ ಒಂದು ಸೇರಿಸಿದರೆ ಐದನೇ ಎರಡು. ಪ್ರತಿ ಸಲ ಅದೇ ತಪ್ಪು, ಅದೇ ಜಾಗ. ಅದನ್ನು ತಾಯಿ ಮೂರು ಸಲವಲ್ಲ, ಮುನ್ನೂರು ಸಲ ನೋಡಿದ್ದಳು. ನಾಲ್ಕನೇ ಕ್ಲಾಸಿನಿಂದ ನೋಡಿದ್ದಳು. ನೋಡಿ ನೋಡಿ ಉಜ್ಜಿದ್ದಳು. ಬೇರೆ ಯಾರ ಕಣ್ಣಿಗೂ ಬೀಳದ ಹಾಗೆ ಉಜ್ಜಿದ್ದಳು.

ಮಧ್ಯಾಹ್ನದ ಊಟದ ಗಂಟೆಗೆ ಅರ್ಧ ದಿನ ರಜೆ ಬರೆದುಕೊಟ್ಟಳು. “ಹನ್ನೊಂದು ವರ್ಷದಲ್ಲಿ ನೀನು ಅರ್ಧ ದಿನ ಕೇಳಿದ್ದು ಇದೇ ಮೊದ್ಲು. ಯಾರಿಗೇನಾಯ್ತು?” ಎಂದು ಸೂಪರ್‌ವೈಸರ್ ಹುಬ್ಬೇರಿಸಿದ.

“ಯಾರಿಗೂ ಏನೂ ಆಗಿಲ್ಲ,” ಎಂದು ಚೀಲ ತೆಗೆದುಕೊಂಡು ಹೊರಟಳು.

*

ಮಿಸ್ ಟೀಚರ್ಸ್ ರೂಮಿನಲ್ಲಿ ಡಬ್ಬಿ ತೊಳೆಯುತ್ತಿದ್ದರು. ತಾಯಿ ಕೂತುಕೊಳ್ಳಲಿಲ್ಲ.

“ಅವಳು ಕಾಪಿ ಮಾಡಿಲ್ಲ ಮಿಸ್. ನಾನು ಅಳಿಸಿ ಬರೆಸ್ತಿದ್ದೆ. ಅವತ್ತು ನಿಮಗೆ ಸುಳ್ಳು ಹೇಳ್ದೆ.”

ಮಿಸ್ ನಲ್ಲಿ ನಿಲ್ಲಿಸಿದರು. “ಯಾವತ್ತಿಂದ?”

“ನಾಲ್ಕನೇ ಕ್ಲಾಸಿಂದ.”

“ಅಂದ್ರೆ ಈ ವರ್ಷ ನಾನು ಸರಿ ಹಾಕಿದ್ದೆಲ್ಲ ನಿಮ್ಮ ಗೈಡಿಗಾ?” ಮಿಸ್ ಮುಖ ಕೆಂಪಾಯಿತು. “ನನ್ನ ಕೆಲಸ ಅಂದ್ರೆ ಏನಂತ ತಿಳ್ಕೊಂಡಿದೀರಿ ನೀವು? ಮಕ್ಕಳ ತಪ್ಪು ಕಂಡ್ರೆ ತಾನೇ ನಾನು ಪಾಠ ಮಾಡೋದು? ಆ ಮಗೂನ ಮೂರು ವಾರದಿಂದ ಕ್ಲಾಸಿನ ಮುಂದೆ ಕಳ್ಳಿ ಥರ ಕೂರ್ಸಿದೀನಿ ನಾನು.”

“ಹೌದು ಮಿಸ್. ಬೈರಿ. ಆದ್ರೆ ಒಂದು ಹೇಳ್ಬೇಕು. ಭಿನ್ನರಾಶೀಲಿ ಅವಳ ತಪ್ಪು ಒಂದೇ. ದಿನಾ ಅದನ್ನೇ ಮಾಡ್ತಾಳೆ.” ತಾಯಿ ಮೇಜಿನ ಮೇಲಿದ್ದ ಹಳೆಯ ಪತ್ರಿಕೆಯ ಅಂಚಿನಲ್ಲಿ ಅರ್ಧ, ಮೂರನೇ ಒಂದು, ಐದನೇ ಎರಡು ಎಂದು ಬರೆದು ತೋರಿಸಿದಳು. “ಹೀಗೆ.”

“ನಿಮಗಿದು ಗೊತ್ತಿತ್ತಾ?”

“ಕಣ್ಣಿಗೆ ಬೀಳ್ತಿತ್ತು. ಅಳಿಸ್ತಿದ್ದೆ.”

ಮಿಸ್ ಸಣ್ಣಿಯನ್ನು ಕರೆಸಿದರು. ಒಂದು ಖಾಲಿ ಹಾಳೆ ಕೊಟ್ಟು ಐದು ಲೆಕ್ಕ ಹೇಳಿದರು. ಸಣ್ಣಿ ಬರೆದಳು. ಐದೂ ತಪ್ಪು, ಐದೂ ಒಂದೇ ರೀತಿ. ತಾಯಿ ಎರಡೂ ಕೈಗಳನ್ನು ಚೀಲದ ಹಿಡಿಯೊಳಗೆ ಸಿಕ್ಕಿಸಿಕೊಂಡು ನಿಂತಿದ್ದಳು.

“ಪಕ್ಕದವಳ್ದು ನೋಡಿ ಬರ್ದೆ ಅಂತ ಯಾಕೆ ಒಪ್ಕೊಂಡೆ?” ಎಂದು ಮಿಸ್ ಕೇಳಿದರು.

“ನೀವು ಅಮ್ಮಂಗೆ ಬೈತೀರಾ ಅಂತ,” ಎಂದಳು ಸಣ್ಣಿ.

ಮಿಸ್ ತೊಳೆದ ಡಬ್ಬಿಗೆ ಮುಚ್ಚಳ ಹಾಕಿದರು. ಆಮೇಲೆ ಮಿಸ್ ಹಾಳೆಯನ್ನು ಮಡಚಿ ತಮ್ಮ ಪುಸ್ತಕದೊಳಗೆ ಇಟ್ಟುಕೊಂಡರು. “ಇವತ್ತಿಂದ ಸಂಜೆ ಕ್ಲಾಸಿಗೆ ಇರು. ನಾಳೆ ನಿನ್ನ ಜಾಗಕ್ಕೆ ಹೋಗಿ ಕೂತ್ಕೋ, ಎಲ್ಲರೆದುರಿಗೆ ನಾನೇ ಹೇಳ್ತೀನಿ.” ತಾಯಿಯ ಕಡೆ ತಿರುಗಿದರು. “ನೀವು ಇನ್ನು ಪುಸ್ತಕ ಮುಟ್ಟಬೇಡಿ. ಹೋಮ್‌ವರ್ಕ್ ನೋಡಿದೀವಿ ಅಂತ ದಿನಾ ಹಾಕೋ ಸಹೀನೂ ಮನೇಲಿ ಬೇರೆ ಯಾರಾದ್ರೂ ಹಾಕ್ಲಿ.”

“ಸರಿ ಮಿಸ್,” ಎಂದಳು.

*

ವಿಷಯ ಕೇಳಿ ಗಂಡ ಹಾರಾಡಿದ. “ಮೂರು ವರ್ಷದಿಂದ ನಮ್ಮನೇಲಿ ಇದು ನಡೀತಿದೆ, ನನಗೇ ಗೊತ್ತಿಲ್ಲ?”

“ಒಂದು ದಿನ ಪುಸ್ತಕ ತೆಗ್ದು ನೋಡಿದ್ರೆ ಗೊತ್ತಾಗ್ತಿತ್ತು.”

“ನಾನು ದುಡೀಲೋ, ಪುಸ್ತಕ ನೋಡ್ಲೋ?”

“ನಾನು ಎರಡೂ ಮಾಡ್ದೆ. ನೋಡಿ ಏನಾಯ್ತು ಅಂತ.”

ಆಕೆ ಅದನ್ನು ಜಗಳದ ದನಿಯಲ್ಲಿ ಹೇಳಿದ್ದರೆ ಅವನೂ ದನಿ ಏರಿಸುತ್ತಿದ್ದ. ಅವಳು ಬಸ್ಸಿನ ಹೊತ್ತು ಹೇಳುವವಳ ಹಾಗೆ ಹೇಳಿದ್ದಳು.

ಸಹಿಯ ಅಧಿಕಾರ ತಾತನ ಕೈ ಸೇರಿತು. ಅವರು ಮೊದಲ ದಿನ ಹಳೆ ಪೇಪರಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಿ, ಆಮೇಲೆ ಪುಸ್ತಕದಲ್ಲಿ ಎಷ್ಟು ಅಗಲ ಸಹಿ ಹಾಕಿದರೆಂದರೆ ಮಿಸ್ ಷರಾ ಬರೆಯಲು ಜಾಗ ಉಳಿಯಲಿಲ್ಲ. “ತಾತ, ಇದು ಮನೆ ಮಾರೋ ಪತ್ರ ಅಲ್ಲ,” ಎಂದಳು ಸಣ್ಣಿ. ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಕೇಳಿದ ತಮಾಷೆ ಅದು.

ಲೆಕ್ಕ ತಾತನಿಗೆ ಬರುತ್ತಿರಲಿಲ್ಲ, ನೆಲಕ್ಕೆ ಹಾಸುವ ಕಲ್ಲು ಬರುತ್ತಿತ್ತು. ಒಂದು ಸಂಜೆ ಹಳೆಯ ರಟ್ಟಿನ ಡಬ್ಬ ಕತ್ತರಿಸಿ ಒಂದೇ ಅಳತೆಯ ಚೌಕ ಮಾಡಿಕೊಂಡರು. ಒಂದನ್ನು ಅರ್ಧಕ್ಕೆ, ಇನ್ನೊಂದನ್ನು ಮೂರು ಪಾಲಿಗೆ ಕತ್ತರಿಸಿದರು.

“ಇದೇನು?”

“ಅರ್ಧ.”

“ಇದಕ್ಕೆ ಈ ತುಂಡು ಸೇರಿಸ್ತೀನಿ. ಮೂರನೇ ಒಂದು. ಈಗ ಅರ್ಧಕ್ಕಿಂತ ಜಾಸ್ತಿ ಆಯ್ತೋ, ಕಮ್ಮಿ ಆಯ್ತೋ?”

“ಜಾಸ್ತಿ. ಕಾಣಲ್ವಾ ತಾತ?”

“ನೀನು ಬರೆಯೋ ಆ ಐದನೇ ಎರಡು ಎಷ್ಟು ದೊಡ್ಡದು, ಕತ್ತರಿಸು ನೋಡೋಣ.”

ಸಣ್ಣಿ ಒಂದು ಚೌಕವನ್ನು ಐದು ಪಾಲು ಮಾಡಿ ಎರಡನ್ನು ಎತ್ತಿಕೊಂಡು ಅರ್ಧದ ಮೇಲಿಟ್ಟಳು. ಅದು ಅರ್ಧಕ್ಕೂ ಸಾಲದೆ ಅಂಚಿನಲ್ಲಿ ಜಾಗ ಉಳಿಯಿತು. ಅವಳು ಅದನ್ನೇ ನೋಡುತ್ತ ಕೂತಳು.

“ಅರ್ಧ ಕಲ್ಲಿಗೆ ಇನ್ನೊಂದು ತುಂಡು ಸೇರಿಸಿದ್ರೆ ಅರ್ಧಕ್ಕಿಂತ ಸಣ್ಣದಾಗೋದಾಗಿದ್ರೆ, ನಾನು ನಲವತ್ತು ವರ್ಷದಲ್ಲಿ ಒಂದು ಮನೆ ನೆಲಾನೂ ಮುಗಿಸ್ತಿರ್ಲಿಲ್ಲ ಕಣೇ,” ಎಂದರು ತಾತ.

ಆಮೇಲೆ ಎಲ್ಲ ಪಾಲನ್ನೂ ಒಂದೇ ಅಳತೆಗೆ ತರುವುದನ್ನು ಮಿಸ್ ಸಂಜೆ ಕ್ಲಾಸಿನಲ್ಲಿ ಹೇಳಿಕೊಟ್ಟರು. ಒಂದೇ ದಿನಕ್ಕೆ ತಲೆಗೆ ಹತ್ತಲಿಲ್ಲ. ನಾಲ್ಕನೆಯ ಕ್ಲಾಸಿನಿಂದ ಹಿಂದೆ ಬಿದ್ದದ್ದು ಬೆಟ್ಟದಷ್ಟಿತ್ತು. ಭಿನ್ನರಾಶಿ ಸರಿಹೋದರೆ ದಶಮಾಂಶ ಕೈಕೊಡುತ್ತಿತ್ತು, ಅದು ಹಿಡಿತಕ್ಕೆ ಬಂದರೆ ಶೇಕಡಾವಾರು. ಪುಸ್ತಕ ಕೆಂಪಾಗಿ ಬರುತ್ತಿತ್ತು. ತಾತ ಅದರ ಕೆಳಗೆ ತಮ್ಮ ಅಗಲದ ಸಹಿ ಹಾಕುತ್ತಿದ್ದರು. ಗಂಡ ಈಗ ಊಟದ ಹೊತ್ತಿಗೆ, “ಇವತ್ತೆಷ್ಟು ಸರಿ?” ಎಂದು ಕೇಳುವುದನ್ನು ಕಲಿತಿದ್ದ. “ಹತ್ತಕ್ಕೆ ಮೂರು.” “ನಿನ್ನೆ?” “ಎರಡು.” “ಹೂಂ,” ಎಂದು ಅನ್ನ ಕಲಸುತ್ತಿದ್ದ.

ತಾಯಿ ಮಾತ್ರ ಆರೂವರೆಯಿಂದ ಎಂಟರವರೆಗೆ ಏನು ಮಾಡಬೇಕೆಂದು ತಿಳಿಯದೆ ಆಲೂಗಡ್ಡೆ ಸುಲಿಯುತ್ತಿದ್ದಳು. ಒಂದು ವಾರ ಅವರ ಮನೆಯಲ್ಲಿ ದಿನವೂ ಆಲೂಗಡ್ಡೆಯೇ ಆಯಿತು. ಒಮ್ಮೆ ಹಾಲು ಕೊಡಲು ಮೇಜಿನ ಹತ್ತಿರ ಬಂದಾಗ ಸಣ್ಣಿ ಬರೆಯುತ್ತಿದ್ದ ಪುಟದ ಮೇಲೆ ತೋಳು ಅಡ್ಡ ಇಟ್ಟುಕೊಂಡಳು.

“ನಾನು ನೋಡ್ತಿಲ್ಲ,” ಎಂದಳು ತಾಯಿ.

“ಗೊತ್ತು.”

ತೋಳು ತೆಗೆಯಲಿಲ್ಲ. ತಾಯಿ ಲೋಟ ಇಟ್ಟು ಹಿಂದಕ್ಕೆ ಸರಿದಳು. ಪುಟ್ಟ ಮಗುವಾಗಿದ್ದಾಗ ಇದೇ ತೋಳು ತನ್ನ ಕತ್ತಿಗೆ ಸುತ್ತಿಕೊಳ್ಳುತ್ತಿದ್ದದ್ದು ನೆನಪಾಯಿತು. ನೆನಪಾಗಿಯೂ ಅಳು ಬರಲಿಲ್ಲ.

*

ವಾರ್ಷಿಕ ಪರೀಕ್ಷೆ ಮುಗಿದು ಹತ್ತು ದಿನಕ್ಕೆ ಶಾಲೆಯಿಂದ ಕರೆ ಬಂತು. ಗಂಡ ಹನ್ನೆರಡನೇ ಮಹಡಿಯ ಲಿಫ್ಟಿನ ಮೇಲೆ ಕೂತಿದ್ದ, ಬರಲಾಗಲಿಲ್ಲ. ತಾಯಿಯೇ ಹೋದಳು. ಸಣ್ಣಿಯನ್ನು ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

“ಮೂವತ್ತೇಳು,” ಎಂದರು ಮುಖ್ಯೋಪಾಧ್ಯಾಯಿನಿ. “ಹದಿನಾಲ್ಕರಿಂದ ಮೂವತ್ತೇಳಕ್ಕೆ ಬಂದಿದಾಳೆ. ಆದ್ರೂ ಮೂರು ಕಮ್ಮಿ.”

ಪಕ್ಕದಲ್ಲಿ ಕೂತಿದ್ದ ಗಣಿತದ ಮಿಸ್ ಉತ್ತರಪತ್ರಿಕೆಯನ್ನು ತಾಯಿಯ ಕಡೆ ಸರಿಸಿದರು.

“ಎರಡು ದಾರಿ ಇದೆ. ಪೋಷಕರು ಅರ್ಜಿ ಬರ್ದುಕೊಟ್ರೆ ಮೂರು ಅಂಕ ನಾವೇ ಸೇರಿಸಿ ಎಂಟನೇ ಕ್ಲಾಸಿಗೆ ಹಾಕ್ತೀವಿ. ಆದ್ರೆ ಹಾಗೆ ಹೋದೋರು ಮೂರನೇ ವಿಭಾಗಕ್ಕೆ. ಅಲ್ಲಿ ಗಣಿತ ಕಮ್ಮಿ, ಹೊಲಿಗೆ, ಕೈಕೆಲಸ ಜಾಸ್ತಿ. ಮುಂದೆ ಅಲ್ಲಿಂದ ಈ ಕಡೆಗೆ ಬರೋಕಾಗಲ್ಲ. ಇಲ್ದಿದ್ರೆ ಮೂರು ವಾರ ಬಿಟ್ಟು ಮರುಪರೀಕ್ಷೆ. ಅದರಲ್ಲಿ ನಲವತ್ತು ಬಂದ್ರೆ ಎಲ್ಲರ ಜೊತೆ ಎಂಟಕ್ಕೆ. ಬರ್ಲಿಲ್ಲ ಅಂದ್ರೆ ಮತ್ತೆ ಏಳು. ಆಗ ಬಂದು ಮೂರು ಅಂಕ ಕೊಡಿ ಅಂತ ಕೇಳೋ ಹಾಗಿಲ್ಲ. ಎರಡರಲ್ಲಿ ಒಂದೇ.”

ಅರ್ಜಿಯ ಫಾರಂ ಮೇಜಿನ ಮೇಲೆ ಇತ್ತು, ಪಕ್ಕದಲ್ಲೇ ಪೆನ್ನು. ತಾಯಿಗೆ ಎರಡು ದಾರಿಯೂ ಸ್ಪಷ್ಟವಾಗಿ ಕಂಡವು. ಸಹಿ ಹಾಕಿದರೆ ಒಂದು ವರ್ಷ ಉಳಿಯುತ್ತದೆ, ಮಗಳು ಹೊಲಿಗೆಗೆ ಹೋಗುತ್ತಾಳೆ. ಹಾಕದಿದ್ದರೆ, ತನಗಿಂತ ಒಂದು ವರ್ಷ ಚಿಕ್ಕವರ ನಡುವೆ ಇವಳು ಹಿಂದಿನ ಬೆಂಚಿನಲ್ಲಿ ಕೂತಿರುವುದನ್ನು ನೋಡಬೇಕಾಗಬಹುದು. ಯಾವುದು ಸರಿ ಎಂದು ತಾಳೆ ನೋಡಲು ಇದಕ್ಕೆ ಹಿಂದಿನ ಪುಟದಲ್ಲಿ ಉತ್ತರವಿರಲಿಲ್ಲ.

“ಅವಳನ್ನ ಕೇಳ್ಬೇಕು,” ಎಂದಳು.

“ಹನ್ನೆರಡು ವರ್ಷದ ಮಗೂಗೆ ಏನ್ ಗೊತ್ತಾಗತ್ತೆ? ನೀವು ದೊಡ್ಡೋರು ತೀರ್ಮಾನ ಮಾಡಿ.”

“ಎರಡು ನಿಮಿಷ ಕೊಡಿ ಮೇಡಂ.”

ಹೊರಗೆ ಬಂದು ಬೆಂಚಿನ ಮೇಲೆ ಮಗಳ ಪಕ್ಕ ಕೂತಳು. ಎರಡು ದಾರಿಯನ್ನೂ ಒಳಗೆ ಕೇಳಿದ ಹಾಗೆಯೇ ಹೇಳಿದಳು, ಒಂದನ್ನೂ ಸಿಹಿ ಮಾಡಲಿಲ್ಲ. ಸಣ್ಣಿ ಕೇಳಿಸಿಕೊಂಡಳು. ಕಾರಿಡಾರಿನ ಕೊನೆಯಲ್ಲಿ ಯಾರೋ ನೆಲ ಒರೆಸುತ್ತಿದ್ದರು.

“ಬರೆದ್ರೆ ನಲವತ್ತು ಬರತ್ತಾ?”

“ಗೊತ್ತಿಲ್ಲ.”

“ನೀನೇ ಹೇಳಮ್ಮ.”

“ನಾನು ಹೇಳಲ್ಲ. ನಿಂಗೇನನ್ಸತ್ತೆ?”

“ನೀನೇ ಹೇಳು.” ಸಣ್ಣಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆದಳು. “ನಾನು ಹೇಳಿದ್ರೆ ತಪ್ಪಾಗತ್ತೆ.”

ಯಾರ ಮೇಲೂ ದೂರಿಲ್ಲದೆ, ತನ್ನ ಕೂದಲು ಕಪ್ಪು ಎನ್ನುವಷ್ಟು ಸಲೀಸಾಗಿ ಅವಳು ಅದನ್ನು ಹೇಳಿದ್ದಳು. ತಾಯಿಗೆ ಎದೆಯಲ್ಲಿ ನೋವಾಯಿತು. ಇಷ್ಟು ತಿಂಗಳು ಎಲ್ಲಿ ಅಡಗಿತ್ತೋ ಆ ನೋವು, ಒಮ್ಮೆಲೇ ಬಂದು ಕೂತಿತು.

“ತಪ್ಪಾಗ್ಲಿ,” ಎಂದಳು.

ಸಣ್ಣಿ ತಿರುಗಿ ಅವಳ ಮುಖ ನೋಡಿದಳು.

“ತಪ್ಪಾದ್ರೆ ಆಗ್ಲಿ. ಮನೆಗೆ ಹೋಗಿ ಊಟ ಮಾಡೋಣ. ನೀನು ಹೇಳು.”

ಎರಡು ನಿಮಿಷ ಎಂದಿದ್ದು ಹತ್ತಾಯಿತು. ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಬಂದು, “ಏನ್ ತೀರ್ಮಾನ ಮಾಡಿದ್ರಿ?” ಎಂದು ಕೇಳಿದರು. ಹೇಳಲು ಬಾಯಿ ತೆರೆದಿದ್ದ ತಾಯಿ ಮುಚ್ಚಿಕೊಂಡಳು.

ಸಣ್ಣಿ ಎದ್ದು ನಿಂತು ಏನೋ ಹೇಳಿದಳು.

“ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳು.”

“ಬರೀತೀನಿ ಮೇಡಂ,” ಎಂದಳು ಸಣ್ಣಿ. “ಪರೀಕ್ಷೆ ಬರೀತೀನಿ.”

ತಾಯಿಗೆ ಹೆದರಿಕೆಯಾಯಿತು. ಅವಳು ಎದ್ದು ಮಗಳ ಪಕ್ಕದಲ್ಲಿ ನಿಂತಳು.